ಐಹೊಳೆಯ ಐನೂರ್ವರ ಬೆನ್ನುಹತ್ತಿ ಸುಮಾತ್ರಾದವರೆಗೆ

ಹುನಗುಂದ ತಾಲ್ಲೂಕಿನ ಐಹೊಳೆಗೆ ಬರುವ ಪ್ರವಾಸಿಗರಿಗೆ ದುರ್ಗದ ಗುಡಿ, ಲಾಡಖಾನನ ಗುಡಿ, ಮೇಗುತಿ ಇಷ್ಟನ್ನು ತೋರಿಸಿ, ‘ಇಲ್ಲಿ ಹಿಂದಕ್ಕೆ ಐನೂರು ಮಂದಿ ದೊಡ್ಡ ವ್ಯಾಪಾರಿಗಳಿದ್ದರು’ ಎಂದು ಒಂದು ಮಾತು ಸೇರಿಸಿ ಮುಗಿಸುವುದು ವಾಡಿಕೆ. ಆ ಐನೂರು ಮಂದಿಯ ಮುಂದಿನ ಕಥೆ ಐಹೊಳೆಯಲ್ಲಿ ಸಿಗುವುದಿಲ್ಲ. ಅದರ ಒಂದು ತುಣುಕು ಇಂಡೊನೇಷ್ಯದ ಜಕಾರ್ತ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ.

ಅದು ಒಂದು ಒಡೆದ ಕಲ್ಲು. ಸುಮಾತ್ರಾ ದ್ವೀಪದ ಪಶ್ಚಿಮ ಕರಾವಳಿಯಲ್ಲಿ, ಬಾರೂಸ್ ಎಂಬ ಹಳೆಯ ಬಂದರಿನ ಪಕ್ಕದ ಲೋಬು ತುವ ಎಂಬಲ್ಲಿ 1873ರಲ್ಲಿ ಸಿಕ್ಕಿತು. ಭಾಷೆ ತಮಿಳು, ಕಾಲ ಶಕ 1010, ಅಂದರೆ ಕ್ರಿ.ಶ. 1088. ಬಾರೂಸ್ ಅಂದಿನ ಲೋಕಕ್ಕೆಲ್ಲ ಕರ್ಪೂರದ ಊರು. ಮಲಯ ಭಾಷೆಯಲ್ಲಿ ಕರ್ಪೂರಕ್ಕೆ ಇಂದಿಗೂ ‘ಕಾಪುರ್ ಬಾರೂಸ್’ ಎಂದೇ ಹೆಸರು. ಈ ಬಂದರಿಗೆ ಬರುವ ಹಡಗಿನ ಮುಖ್ಯಸ್ಥರು ಕಸ್ತೂರಿಯ ಬೆಲೆಯ ಲೆಕ್ಕದಲ್ಲಿ ಚಿನ್ನದ ಶುಲ್ಕ ಕಟ್ಟಿದ ಮೇಲೆಯೇ ಒಳಗೆ ಹೆಜ್ಜೆ ಇಡಬೇಕು ಎಂಬುದು ಆ ಕಲ್ಲಿನ ಮೇಲಿರುವ ಕಟ್ಟಳೆ. ಕಟ್ಟಳೆ ಮಾಡಿದವರು ರಾಜರಲ್ಲ. ‘ಸಾವಿರ ದಿಕ್ಕುಗಳ ಐನೂರ್ವರು’ ಎಂದು ತಮ್ಮನ್ನು ಕರೆದುಕೊಂಡ ವರ್ತಕರು. ಇತಿಹಾಸಕಾರ ಕೆ.ಎ. ನೀಲಕಂಠ ಶಾಸ್ತ್ರಿಗಳು 1932ರಲ್ಲಿ ಈ ಶಾಸನದ ಬಗ್ಗೆ ಬರೆದ ನಂತರ ವಿದ್ವಾಂಸರ ಗಮನ ಇತ್ತ ಹರಿಯಿತು.

ಮಲಪ್ರಭೆಯ ದಂಡೆಯ ಒಂದು ಊರಿನ ಐನೂರ್ವರಿಗೂ ಸುಮಾತ್ರಾದ ಕರ್ಪೂರದ ಬಂದರಿಗೂ ಎತ್ತಣ ಸಂಬಂಧ? ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ವಿಭಾಗಗಳಲ್ಲಿ ‘ಟ್ರಾನ್ಸ್‌ನ್ಯಾಷನಲ್ ಹಿಸ್ಟರಿ’ ಎಂಬ ದೊಡ್ಡ ಹೆಸರಿನಿಂದ ಕರೆಸಿಕೊಳ್ಳುವ ಅಧ್ಯಯನ ಇಂಥ ಪ್ರಶ್ನೆಯಿಂದಲೇ ಶುರುವಾಗುತ್ತದೆ.

ಹೊಸ ಹೆಸರು, ಹಳೆಯ ಶಬ್ದ

ಚರಿತ್ರೆಯ ಎಂ.ಎ. ತರಗತಿಯಲ್ಲಿ ವಿದ್ಯಾರ್ಥಿಗೆ ಸಾಮಾನ್ಯವಾಗಿ ಸಿಗುವ ಪತ್ರಿಕೆಗಳು ದೇಶವಾರು, ಕಾಲವಾರು ಹಂಚಿಹೋಗಿರುತ್ತವೆ. ಪ್ರಾಚೀನ ಭಾರತ, ಕರ್ನಾಟಕದ ರಾಜಮನೆತನಗಳು, ಆಧುನಿಕ ಯುರೋಪು, ಚೀನಾ-ಜಪಾನ್ ಹೀಗೆ. ಒಂದು ಪತ್ರಿಕೆಯ ಮನುಷ್ಯ ಇನ್ನೊಂದು ಪತ್ರಿಕೆಗೆ ಕಾಲಿಡುವುದಿಲ್ಲ. ಆದರೆ ನಿಜವಾದ ಬದುಕಿನಲ್ಲಿ ಹತ್ತಿ, ಬಣ್ಣ, ಕುದುರೆ, ರೋಗ, ಧರ್ಮ, ಬಡ್ಡಿ, ಬರ ಇವೆಲ್ಲ ಗಡಿ ನೋಡಿ ನಿಂತದ್ದಿಲ್ಲ. ಇವುಗಳಲ್ಲಿ ಒಂದನ್ನು ಹಿಡಿದು, ಅದು ಹೋದಲ್ಲೆಲ್ಲ ಹೋಗಿ, ಅದು ದಾಟಿದ ಪ್ರತಿ ಊರಿನಲ್ಲಿ ಏನು ಬದಲಾಯಿತೆಂದು ಬರೆಯುವುದೇ ಈ ಅಧ್ಯಯನದ ರೀತಿ. ರಾಜರಾಜರ ನಡುವಿನ ಒಪ್ಪಂದ, ಯುದ್ಧ, ರಾಯಭಾರಗಳ ಕಥೆ ಅಂತರರಾಷ್ಟ್ರೀಯ ಸಂಬಂಧಗಳ ಚರಿತ್ರೆ, ಅದು ಬೇರೆ. ಎರಡು ದೇಶಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದು ತೌಲನಿಕ ಚರಿತ್ರೆ, ಅದೂ ಬೇರೆ.

ಹೆಸರು ಅಮೆರಿಕ ಮತ್ತು ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ 1990ರ ನಂತರ ಚಲಾವಣೆಗೆ ಬಂತು. 2006ರಲ್ಲಿ ಅಮೆರಿಕದ ಪ್ರಮುಖ ಚರಿತ್ರೆ ಪತ್ರಿಕೆಯೊಂದು ಇದರ ಬಗ್ಗೆಯೇ ವಿದ್ವಾಂಸರ ಚರ್ಚೆಯನ್ನು ಪ್ರಕಟಿಸಿತು. ಭಾರತದವರೇ ಆದ ಸಂಜಯ್ ಸುಬ್ರಹ್ಮಣ್ಯಂ 1997ರಲ್ಲಿ ‘ಬೆಸೆದುಕೊಂಡ ಚರಿತ್ರೆಗಳು’ ಎಂಬ ಅರ್ಥದ ಬೇರೊಂದು ಹೆಸರನ್ನು ಮುಂದಿಟ್ಟಿದ್ದರು. ಈ ಎರಡನೆಯದೇ ನಮ್ಮ ಭಾಗಕ್ಕೆ ಹೆಚ್ಚು ಹೊಂದುತ್ತದೆ ಎನ್ನಬೇಕು. ಏಕೆಂದರೆ ಇಂದಿನ ಅರ್ಥದ ‘ರಾಷ್ಟ್ರ’ ಎಂಬುದು ಈಚಿನದು. ಚಾಲುಕ್ಯರ ಕಾಲದಲ್ಲಿ ಇಲ್ಲದ ಗಡಿಯನ್ನು ವರ್ತಕರು ದಾಟಿದರೆಂದು ಹೇಳುವುದು ಹೇಗೆ?

ಕುತೂಹಲದ ಸಂಗತಿಯೆಂದರೆ, ಈ ವರ್ತಕರೇ ತಮಗಾಗಿ ಒಂದು ಶಬ್ದವನ್ನು ಬಳಸಿದ್ದರು. ಊರಲ್ಲೇ ವ್ಯಾಪಾರ ಮಾಡುವವರು ಸ್ವದೇಶಿಗಳು, ಹೊರಗಿನಿಂದ ಬಂದವರು ಪರದೇಶಿಗಳು, ಎಲ್ಲೆಡೆ ಸಂಚರಿಸುವವರು ನಾನಾದೇಶಿಗಳು ಎಂದು ಶಾಸನಗಳು ಹೇಳುತ್ತವೆ. ‘ಟ್ರಾನ್ಸ್‌ನ್ಯಾಷನಲ್’ ಎಂಬುದಕ್ಕೆ ಕನ್ನಡದಲ್ಲಿ ಶಬ್ದ ಹುಡುಕುವವರು ಅಷ್ಟು ದೂರ ಹೋಗಬೇಕಾಗಿಲ್ಲ. ಇವುಗಳಲ್ಲಿ ‘ಪರದೇಶಿ’ ಮಾತ್ರ ಈಗ ದಿಕ್ಕಿಲ್ಲದವನು ಎಂಬ ಅರ್ಥಕ್ಕೆ ಇಳಿದಿದೆ. ಅದು ಹೇಗಾಯಿತೆಂಬುದೂ ಒಂದು ಚರಿತ್ರೆಯೇ.

ಒಂದೇ ಸಂಘವೋ, ಒಂದೇ ಹೆಸರೋ?

ಐಹೊಳೆಯ ಎಂಟನೆಯ ಶತಮಾನದ ಶಾಸನಗಳಲ್ಲಿ ಐನೂರು ಮಂದಿ ಮಹಾಜನರ ಉಲ್ಲೇಖವಿದೆ. ಅವರು ವೇದ ಓದಿದ ಬ್ರಾಹ್ಮಣರು, ಊರಿನ ಆಡಳಿತ ನಡೆಸಿದವರು. ಅದೇ ‘ಐನೂರು’ ಮುಂದಿನ ಶತಮಾನಗಳಲ್ಲಿ ವರ್ತಕರ ಹೆಸರಾಗಿ ಕನ್ನಡ, ತಮಿಳು, ತೆಲುಗು ನಾಡುಗಳಲ್ಲೂ ಶ್ರೀಲಂಕೆಯಲ್ಲೂ ಹರಡಿಕೊಂಡಿತು. ಶಿಕಾರಿಪುರದ ಹನ್ನೊಂದನೆಯ ಶತಮಾನದ ಶಾಸನವೊಂದು ಈ ವೀರಬಣಂಜಿಗರು ಸುತ್ತಿದ ನಾಡುಗಳ ದೀರ್ಘ ಪಟ್ಟಿಯನ್ನೇ ಕೊಡುತ್ತದೆ. ಚೇರ, ಚೋಳ, ಪಾಂಡ್ಯ, ಮಲೆಯ, ಮಗಧ, ಪಾರಸ, ನೇಪಾಳ ಎಲ್ಲವೂ ಅದರಲ್ಲಿವೆ. ಆನೆ, ಕುದುರೆ, ಮುತ್ತು, ಹವಳ, ಏಲಕ್ಕಿ, ಲವಂಗ, ಕರ್ಪೂರ, ಕಸ್ತೂರಿ, ಕೇಸರಿ ಅವರ ಸರಕು. ಹೊಗಳಿಕೆಯ ಶಾಸನವಾದ್ದರಿಂದ ಅಷ್ಟೂ ನಾಡುಗಳಿಗೆ ಅವರು ಹೋಗಿದ್ದರೆಂದು ನಂಬಬೇಕಿಲ್ಲ. ಆದರೆ ತಮ್ಮ ಹಿರಿಮೆಯನ್ನು ದೂರದಿಂದ ಅಳೆದುಕೊಂಡವರು ಅವರೆಂಬುದು ಸ್ಪಷ್ಟ.

ಇಲ್ಲಿಂದ ತೊಡಕು ಶುರು. ಸುಮಾತ್ರಾದ ಕಲ್ಲಿನಲ್ಲಿ ಕಾಣುವುದು ‘ಐನೂರ್ವರು’ ಎಂಬ ಹೆಸರು. ಅದನ್ನು ಐಹೊಳೆಗೆ ಕಟ್ಟುವ ಕೊಂಡಿ ಇರುವುದು ತಮಿಳುನಾಡಿನಲ್ಲಿ. ಅಲ್ಲಿನ ಶಾಸನಗಳಲ್ಲಿ ಈ ವರ್ತಕರು ತಮ್ಮನ್ನು ‘ಅಯ್ಯಪೊಳಿಲ್’ ಪುರದ ಪರಮೇಶ್ವರಿಯ ಮಕ್ಕಳು ಎಂದು ಹೇಳಿಕೊಳ್ಳುತ್ತಾರೆ. ಅಯ್ಯಪೊಳಿಲ್ ಎಂದರೆ ನಮ್ಮ ಅಯ್ಯಾವೊಳೆ, ಅದೇ ಐಹೊಳೆ. ಕನ್ನಡ ಶಾಸನಗಳಲ್ಲಿ ಇವರು ಅಯ್ಯಾವೊಳೆಯ ಒಡೆಯರು. ತಮಿಳಿಗೆ ಹೋಗುವಷ್ಟರಲ್ಲಿ ಅಯ್ಯಾವೊಳೆಯ ದೇವಿಯ ಮಕ್ಕಳಾದರು. ಊರು ದೂರವಾದಂತೆ ಊರೇ ತಾಯಿಯಾದಂತಿದೆ.

ಹಾಗಾದರೆ ಐಹೊಳೆಯಲ್ಲಿ ಕೇಂದ್ರ ಕಚೇರಿ, ಬಾರೂಸ್‌ನಲ್ಲಿ ಶಾಖೆ ಎಂದು ತಿಳಿಯಬಹುದೇ? ಹಿಂದಿನ ಬರಹಗಳಲ್ಲಿ ಹೆಚ್ಚುಕಡಿಮೆ ಇಂಥ ಚಿತ್ರವೇ ಇತ್ತು. ಈಗಿನ ವಿದ್ವಾಂಸರಲ್ಲಿ ಅನೇಕರು ಅದನ್ನು ಒಪ್ಪುವುದಿಲ್ಲ. ಊರೂರಿನ ಬೇರೆ ಬೇರೆ ವರ್ತಕ ಗುಂಪುಗಳು ಒಂದು ಗೌರವದ ಹೆಸರಿನ ಕೆಳಗೆ, ಒಂದೇ ಬಿರುದಾವಳಿಯನ್ನು ಹಂಚಿಕೊಂಡು, ಬೇಕಾದಾಗ ಸಭೆ ಸೇರುತ್ತಿದ್ದವು ಎಂಬುದು ಅವರ ಅಭಿಪ್ರಾಯ. ಮೀರಾ ಅಬ್ರಹಾಂ 1988ರಲ್ಲಿ ದಕ್ಷಿಣದ ಎರಡು ವರ್ತಕ ಸಂಘಗಳ ಬಗ್ಗೆ ಪುಸ್ತಕ ಬರೆದರು. ಜಪಾನಿನ ನೊಬೊರು ಕರಾಶಿಮ, ತಮಿಳುನಾಡಿನ ವೈ. ಸುಬ್ಬರಾಯಲು ಮುಂತಾದವರು ಜೊತೆಗೂಡಿ ಶಾಸನಗಳನ್ನೂ ಬಂದರುಗಳಲ್ಲಿ ಸಿಕ್ಕ ಚೀನೀ ಪಿಂಗಾಣಿಯ ಚೂರುಗಳನ್ನೂ ಒಟ್ಟಿಗೆ ಇಟ್ಟು ನೋಡಿದರು. ಅದರ ಫಲವಾದ ಗ್ರಂಥ 2002ರಲ್ಲಿ ಟೋಕಿಯೊದಿಂದ ಹೊರಬಂತು. ಲೋಬು ತುವದಲ್ಲಿ 1990ರ ದಶಕದ ಕೊನೆಯ ಭಾಗದಲ್ಲಿ ಅಗೆತ ನಡೆಸಿದವರು ಫ್ರೆಂಚ್ ಮತ್ತು ಇಂಡೊನೇಷ್ಯದ ಪುರಾತತ್ವಜ್ಞರು.

ಹುನಗುಂದದ ಒಬ್ಬ ವಿದ್ಯಾರ್ಥಿ ತನ್ನ ತಾಲ್ಲೂಕಿನ ಊರಿನ ಬಗ್ಗೆಯೇ ಬರೆಯಹೊರಟರೂ ಹಳಗನ್ನಡದ ಜೊತೆಗೆ ತಮಿಳು ಶಾಸನ ಓದಬೇಕು, ಫ್ರೆಂಚರ ಅಗೆತದ ವರದಿ ತಿರುವಬೇಕು, ಟೋಕಿಯೊದ ಪುಸ್ತಕ ತರಿಸಬೇಕು. ಸ್ಥಳೀಯ ಚರಿತ್ರೆ ಸುಲಭ, ಜಗತ್ತಿನ ಚರಿತ್ರೆ ಕಷ್ಟ ಎಂಬ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ.

ಪುಲಿಕೇಶಿ ಮತ್ತು ಪಾರಸಿ ದೊರೆ

ದೂರದ ಕೊಂಡಿ ಹುಡುಕುವವರು ಬೀಳಬಹುದಾದ ಹಳ್ಳವೂ ಇದೇ ಜಿಲ್ಲೆಯ ಕಥೆಯಲ್ಲಿದೆ. ಬಾದಾಮಿಯ ಇಮ್ಮಡಿ ಪುಲಿಕೇಶಿಯ ಬಗ್ಗೆ ಎರಡು ಗಟ್ಟಿ ಸಾಕ್ಷ್ಯಗಳಿವೆ. ಒಂದು, ಐಹೊಳೆಯ ಮೇಗುತಿ ಗುಡಿಯ ಗೋಡೆಯ ಮೇಲೆ ರವಿಕೀರ್ತಿ ಬರೆದ ಶಕ 556ರ, ಅಂದರೆ ಕ್ರಿ.ಶ. 634-35ರ ಸಂಸ್ಕೃತ ಶಾಸನ. ಇನ್ನೊಂದು, ಕೆಲವೇ ವರ್ಷಗಳ ನಂತರ ಈ ರಾಜ್ಯಕ್ಕೆ ಬಂದ ಚೀನೀ ಯಾತ್ರಿಕ ಹ್ಯುಯೆನ್‌ತ್ಸಾಂಗನ ಬರಹ. ಹರ್ಷವರ್ಧನನು ಪುಲಿಕೇಶಿಯನ್ನು ಮಣಿಸಲಾಗಲಿಲ್ಲವೆಂದು ಒಬ್ಬರನ್ನೊಬ್ಬರು ನೋಡದ ಈ ಇಬ್ಬರೂ ಹೇಳಿದ್ದಾರೆ. ಆಸ್ಥಾನ ಕವಿಯ ಮಾತನ್ನು ಹೊರಗಿನವನ ಮಾತು ಎತ್ತಿಹಿಡಿದಾಗ ಇತಿಹಾಸಕಾರನಿಗೆ ಧೈರ್ಯ ಬರುತ್ತದೆ. ಈ ಶಾಸನವನ್ನು ಮೊದಲು ಪ್ರಕಟಿಸಿದವರು ಮುಂಬಯಿ ಪ್ರಾಂತದ ಇಂಗ್ಲಿಷ್ ಅಧಿಕಾರಿ ಫ್ಲೀಟ್. ಆಮೇಲೆ ತಿದ್ದಿ ಸಂಪಾದಿಸಿದವರು ಜರ್ಮನಿಯ ಗಟಿಂಗೆನ್‌ನಲ್ಲಿದ್ದ ಪ್ರಾಧ್ಯಾಪಕ ಕೀಲ್‌ಹಾರ್ನ್. ಬಾದಾಮಿಯ ದೊರೆಯ ಚರಿತ್ರೆ ತಿದ್ದುಪಡಿಯಾದದ್ದು ಜರ್ಮನಿಯ ಮೇಜಿನ ಮೇಲೆ.

ಮೂರನೆಯ ಸಾಕ್ಷ್ಯ ಮಾತ್ರ ಜಾರುವ ನೆಲ. ಬಾಗ್ದಾದಿನ ಇತಿಹಾಸಕಾರ ತಬರಿ (ನಿಧನ 923) ಅರಬ್ಬಿಯಲ್ಲಿ ಬರೆದ ದೊಡ್ಡ ಚರಿತ್ರೆಯಲ್ಲಿ ಭಾರತದ ಒಬ್ಬ ರಾಜನ ಪ್ರಸ್ತಾಪವಿದೆ. ಅವನು ಪಾರಸಿ ಚಕ್ರವರ್ತಿ ಎರಡನೆಯ ಖುಸ್ರುವಿಗೂ ಅವನ ಮಕ್ಕಳಿಗೂ ಕಾಣಿಕೆ ಕಳಿಸಿದನಂತೆ. ಜೊತೆಗೆ ಶಿರುಯ ಎಂಬ ಮಗನಿಗೆ, ನೀನು ಇಂಥ ದಿನ ಪಟ್ಟಕ್ಕೆ ಬರುವೆ ಎಂದು ಗುಟ್ಟಾಗಿ ಪತ್ರವನ್ನೂ ಬರೆದಿದ್ದನಂತೆ. 628ರಲ್ಲಿ ಶಿರುಯ ತಂದೆಯನ್ನು ಕೆಳಗಿಳಿಸಿ ಪಟ್ಟಕ್ಕೆ ಬಂದದ್ದು ನಿಜ. ಆದರೆ ಭಾರತದ ರಾಜನ ಹೆಸರು ಅರಬ್ಬಿ ಪ್ರತಿಯಲ್ಲಿ ಸ್ಪಷ್ಟವಿಲ್ಲ. ಅದು ಪುಲಿಕೇಶಿಯೇ ಇರಬೇಕೆಂದು ಜರ್ಮನ್ ವಿದ್ವಾಂಸ ನ್ಯೋಲ್ಡೆಕೆ ಊಹಿಸಿದರು. 1879ರಲ್ಲಿ, ಅಂದರೆ ನ್ಯೋಲ್ಡೆಕೆಯ ಅನುವಾದ ಬಂದ ವರ್ಷವೇ, ಜೇಮ್ಸ್ ಫರ್ಗುಸನ್ ಅಜಂತಾದ ಒಂದನೆಯ ಗುಹೆಯಲ್ಲಿ ಟೊಪ್ಪಿಗೆ ತೊಟ್ಟ ವಿದೇಶಿಯರಿರುವ ಚಿತ್ರವನ್ನು ಪುಲಿಕೇಶಿಯ ಆಸ್ಥಾನಕ್ಕೆ ಬಂದ ಪಾರಸಿ ರಾಯಭಾರಿಗಳದೆಂದು ಸಾರಿದರು.

ಊಹೆಗೆ ಚಿತ್ರ ಸಿಕ್ಕಿತು, ಚಿತ್ರಕ್ಕೆ ಹೆಸರು ಸಿಕ್ಕಿತು. ಎರಡೂ ಸೇರಿ ಶಾಲೆಯ ಪಠ್ಯಕ್ಕೆ ಬಂದವು. ತಲೆಮಾರುಗಳ ಕನ್ನಡ ಮಕ್ಕಳು ಇದನ್ನು ಬಾಯಿಪಾಠ ಮಾಡಿದರು. ಆದರೆ ಅಮೆರಿಕದ ವಾಲ್ಟರ್ ಸ್ಪಿಂಕ್ ಅವರ ದೀರ್ಘ ಅಧ್ಯಯನದ ಪ್ರಕಾರ ಆ ಗುಹೆ ಐದನೆಯ ಶತಮಾನದ ಉತ್ತರಾರ್ಧದ್ದು, ವಾಕಾಟಕ ಹರಿಷೇಣನ ಕಾಲದ್ದು. ಹಾಗಿದ್ದರೆ ಪುಲಿಕೇಶಿ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಬರೆದ ಚಿತ್ರ ಅದು. ಬೌದ್ಧ ಕಥೆಯೊಂದರ ದೃಶ್ಯವೆಂದು ಈಗ ಅನೇಕರು ತಿಳಿಯುತ್ತಾರೆ. ತಬರಿಯ ಪತ್ರ ಪುಲಿಕೇಶಿಯದೇ ಇದ್ದರೂ ಇರಬಹುದು. ಅಜಂತಾದ ಚಿತ್ರ ಮಾತ್ರ ಅದಕ್ಕೆ ಸಾಕ್ಷಿಯಾಗಲಾರದು. ನಮ್ಮ ದೊರೆಯನ್ನು ಪಾರಸಿ ದೊರೆ ಬಲ್ಲವನಾಗಿದ್ದ ಎಂಬುದು ಹೆಮ್ಮೆಯ ಮಾತಾದ್ದರಿಂದ ಅದನ್ನು ಕೈಬಿಡಲು ಯಾರಿಗೂ ಮನಸ್ಸು ಬಾರದು. ಸ್ನಾತಕೋತ್ತರ ತರಗತಿಯ ಕಷ್ಟದ ಪಾಠ ಇದೇ.

ಸಿಗುವ ಚೂರು ಸಣ್ಣದಾದರೂ ಗಟ್ಟಿಯಾಗಿದ್ದರೆ ಎಷ್ಟು ದೂರ ಹೋಗಬಹುದೆಂಬುದಕ್ಕೆ ಮಂಗಳೂರಿನ ಕಥೆ ಇದೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ನೆಲೆಸಿದ್ದ ಯಹೂದಿ ವರ್ತಕ ಬೆನ್ ಯಿಜುವಿನ ಪತ್ರಗಳು ಈಜಿಪ್ಟಿನ ಕೈರೋದ ಪ್ರಾರ್ಥನಾ ಮಂದಿರದ ಹಳೆಯ ಕಾಗದಗಳಲ್ಲಿ ಉಳಿದಿದ್ದವು. ಅವುಗಳಲ್ಲಿ ಬರುವ ಅವನ ಆಳಿನ ಹೆಸರನ್ನು ‘ಬೊಮ್ಮ’ ಎಂದು ಓದಬಹುದೆಂದು ಲೇಖಕ ಅಮಿತಾವ್ ಘೋಷ್ ಅವರಿಗೆ ತೋರಿಸಿಕೊಟ್ಟವರು ತುಳು ಬಲ್ಲ ವಿದ್ವಾಂಸ ಬಿ.ಎ. ವಿವೇಕ ರೈ. ಕೈರೋದ ಕಾಗದಕ್ಕೆ ಕೀಲಿಕೈ ಮಂಗಳೂರಿನಲ್ಲಿತ್ತು.

ಇಳಕಲ್ಲಿನ ಕೆಂಪು

ಇಳಕಲ್ ಸೀರೆಯ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಕೂಡಿಸುವುದಕ್ಕೆ ನೇಕಾರರು ಕೊಂಡಿ ಎನ್ನುತ್ತಾರೆ. ಆ ಸೆರಗಿನ ಕೆಂಪು ಬಣ್ಣದ ಹಿಂದೆ ಜಗತ್ತಿನ ಕಥೆಯೊಂದಿದೆ.

ಹಿಂದೆ ಕೆಂಪು ಬಣ್ಣ ಗಿಡದ ಬೇರಿನಿಂದ ಬರುತ್ತಿತ್ತು. 1868ರಲ್ಲಿ ಜರ್ಮನಿಯ ಗ್ರೇಬೆ ಮತ್ತು ಲೀಬರ್ಮನ್ ಎಂಬ ರಸಾಯನಶಾಸ್ತ್ರಜ್ಞರು ಅದೇ ಕೆಂಪಿನ ಸಾರವಾದ ಅಲಿಜರಿನ್ನನ್ನು ಕಲ್ಲಿದ್ದಲಿನ ಡಾಂಬರಿನಿಂದ ತಯಾರಿಸಿದರು. ಕೆಲವೇ ವರ್ಷಗಳಲ್ಲಿ ಫ್ರಾನ್ಸಿನ ದಕ್ಷಿಣ ಭಾಗದಲ್ಲಿ ಬಣ್ಣದ ಬೇರು ಬೆಳೆಯುತ್ತಿದ್ದ ರೈತರು ಹೊಲ ಕಿತ್ತುಹಾಕಬೇಕಾಯಿತು. ಡಬ್ಬಿಗಳಲ್ಲಿ ಮುಂಬಯಿಗೆ ಬಂದ ಅದೇ ಬಣ್ಣ ಒಳನಾಡಿನ ಬಣ್ಣದ ಹಂಡೆಗಳಿಗೂ ಇಳಿಯಿತು. ಫ್ರಾನ್ಸಿನ ರೈತನಿಗೂ ದಖ್ಖಣದ ಬೇರು ಅಗೆಯುವವನಿಗೂ ಪರಸ್ಪರ ಗೊತ್ತಿರಲಿಲ್ಲ. ಬಿದ್ದ ಪೆಟ್ಟು ಮಾತ್ರ ಒಂದೇ. 1914ರಲ್ಲಿ ಮಹಾಯುದ್ಧ ಶುರುವಾಗಿ ಜರ್ಮನಿಯ ಬಣ್ಣ ನಿಂತುಹೋಯಿತು. ಆ ನಾಲ್ಕು ವರ್ಷ ಇಳಕಲ್ಲಿನ ಬಣ್ಣಗಾರರು ಏನು ಮಾಡಿದರು? ಹಳೆಯ ಬೇರಿಗೆ ಮರಳಿದರೇ, ಮರಳಲು ಆ ವಿದ್ಯೆ ಬಲ್ಲವರು ಉಳಿದಿದ್ದರೇ? ಎಂ.ಎ. ಕೊನೆಯ ಸೆಮಿಸ್ಟರಿನ ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ಬೇಕೆ?

ಡೋಗಿ ಬರ

ಈ ಭಾಗದ ಹಿರಿಯರ ನೆನಪಿನಲ್ಲಿ ‘ಡೋಗಿ ಬರ’ ಎಂಬ ಹೆಸರು ಉಳಿದುಬಂದಿತ್ತು. ಡೋಗಿ ಎಂದರೆ ತಲೆಬುರುಡೆ. 1791-92ರ ಆ ಬರದಲ್ಲಿ ಹೂಳುವವರಿಲ್ಲದೆ ನೆಲದ ತುಂಬ ಬುರುಡೆಗಳು ಬಿದ್ದಿದ್ದರಿಂದ ಆ ಹೆಸರು ಬಂತೆಂದು ಹಳೆಯ ಬಿಜಾಪುರ ಗೆಜೆಟಿಯರು ಹೇಳುತ್ತದೆ. ಇಂದಿನ ಬಾಗಲಕೋಟೆ ಜಿಲ್ಲೆ 1997ರವರೆಗೆ ಬಿಜಾಪುರ ಜಿಲ್ಲೆಯ ಭಾಗವೇ ಆಗಿತ್ತು.

ರಿಚರ್ಡ್ ಗ್ರೋವ್ ಎಂಬ ಪರಿಸರ ಇತಿಹಾಸಕಾರ 1998ರಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಪುಟ್ಟ ಲೇಖನ ಬರೆದರು. 1789ರಿಂದ 1793ರವರೆಗೆ ಪೆಸಿಫಿಕ್ ಸಾಗರದಲ್ಲಿ ಪ್ರಬಲವಾದ ‘ಎಲ್ ನಿನೊ’ ಉಂಟಾಗಿತ್ತೆಂಬುದು ಅವರ ವಾದ. ಆ ಸಾಗರದ ನೀರು ಬೆಚ್ಚಗಾದಾಗ ನಮ್ಮ ಮುಂಗಾರು ಸೊರಗುವುದುಂಟು. ಅದೇ ವರ್ಷಗಳಲ್ಲಿ ಮೆಕ್ಸಿಕೊದಲ್ಲಿ, ಅಟ್ಲಾಂಟಿಕ್‌ನ ಸೇಂಟ್ ಹೆಲೆನಾ ದ್ವೀಪದಲ್ಲಿ, ಆಸ್ಟ್ರೇಲಿಯದಲ್ಲಿ ಆಗಷ್ಟೇ ನೆಲೆಯೂರಿದ್ದ ಇಂಗ್ಲಿಷರ ವಸಾಹತಿನಲ್ಲಿ ಬರ ಬಿದ್ದಿತ್ತು. ಭಾರತದ ಮಟ್ಟಿಗೆ ಅವರಿಗೆ ನೆರವಾದದ್ದು ಆಂಧ್ರದ ಸಾಮಲಕೋಟೆಯಲ್ಲಿದ್ದ ಕಂಪನಿಯ ವೈದ್ಯ ವಿಲಿಯಂ ರಾಕ್ಸ್‌ಬರೊ ಇಟ್ಟಿದ್ದ ಹವಾಮಾನದ ದಾಖಲೆಗಳು.

ಹೀಗೆ ಹೇಳಿದ ಮಾತ್ರಕ್ಕೆ ಹೊಣೆಯನ್ನೆಲ್ಲ ಸಾಗರದ ತಲೆಗೆ ಕಟ್ಟುವಂತಿಲ್ಲ. 1790-91ರಲ್ಲಿ ಟಿಪ್ಪುವಿನ ವಿರುದ್ಧ ಮರಾಠಾ ಸೇನೆ ಧಾರವಾಡಕ್ಕೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿತ್ತು. ಅಷ್ಟು ದೊಡ್ಡ ದಂಡು ಸುತ್ತಲಿನ ಕಾಳುಕಡಿ, ಮೇವನ್ನು ಉಳಿಸಿರಲಾರದು. ಮಳೆ ಕೈಕೊಟ್ಟದ್ದು ಎಷ್ಟು, ದಂಡು ತಿಂದದ್ದು ಎಷ್ಟು ಎಂದು ಬಿಡಿಸಿ ನೋಡುವ ಕೆಲಸ ಉಳಿದೇ ಇದೆ.

1876ರಿಂದ 78ರ ಬರಕ್ಕೂ ಈ ಮಾತು ಸಲ್ಲುತ್ತದೆ. ಆಗ ಇದು ಕಲಾದಗಿ ಜಿಲ್ಲೆ. ಮುಂಬಯಿ ಪ್ರಾಂತದಲ್ಲಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಇದೂ ಒಂದು. ಅದೇ ವರ್ಷಗಳಲ್ಲಿ ಉತ್ತರ ಚೀನಾ ಮತ್ತು ಬ್ರೆಜಿಲ್‌ನ ಈಶಾನ್ಯ ಭಾಗಗಳಲ್ಲೂ ಜನ ಲಕ್ಷಗಟ್ಟಲೆ ಸತ್ತರು. ಮೈಕ್ ಡೇವಿಸ್ 2001ರ ತಮ್ಮ ಪುಸ್ತಕದಲ್ಲಿ ಈ ಮೂರನ್ನೂ ಒಟ್ಟಿಗೆ ಇಟ್ಟು, ಮಳೆ ಹೋದದ್ದು ಪ್ರಕೃತಿಯಿಂದ, ಜನ ಸತ್ತದ್ದು ಆಳುವವರ ಧೋರಣೆಯಿಂದ ಎಂದು ವಾದಿಸಿದರು. ಆ ಬರದಲ್ಲೂ ಭಾರತದಿಂದ ಇಂಗ್ಲೆಂಡಿಗೆ ಧಾನ್ಯದ ಹಡಗುಗಳು ಹೋಗುತ್ತಲೇ ಇದ್ದವು. ಇದಕ್ಕೂ ಹತ್ತು-ಹದಿನೈದು ವರ್ಷ ಹಿಂದೆ, 1861ರಿಂದ 65ರವರೆಗೆ, ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ಬರದೆ ನಮ್ಮ ಕಪ್ಪು ನೆಲದ ಹತ್ತಿಗೆ ಚಿನ್ನದ ಬೆಲೆ ಬಂದು, ಯುದ್ಧ ಮುಗಿದೊಡನೆ ಕುಸಿದಿತ್ತು. ಆ ಏರಿಳಿತ ರೈತನ ಮನೆಯಲ್ಲಿ ಸಾಲವನ್ನು ಉಳಿಸಿತ್ತೇ, ಬರ ಬಂದಾಗ ಅವನ ಕಣಜ ಬರಿದಾಗಿತ್ತೇ ಎಂಬುದನ್ನು ಹಳ್ಳಿಹಳ್ಳಿಯ ಮಟ್ಟದಲ್ಲಿ ನೋಡಬೇಕು.

ದಾಖಲೆಗಳು ಎಲ್ಲಿ?

ನೋಡಬೇಕೆಂದರೆ ಕಾಗದ ಬೇಕು. ಅದು ಹಂಚಿಹೋಗಿದೆ. ಕಲಾದಗಿ ಜಿಲ್ಲೆಯ ಬ್ರಿಟಿಷ್ ಕಾಲದ ಕಡತಗಳಿಗೆ ಮುಂಬಯಿಯ ಪತ್ರಾಗಾರಕ್ಕೆ ಹೋಗಬೇಕು, ಅವುಗಳ ಇನ್ನೊಂದು ಭಾಗಕ್ಕೆ ಲಂಡನ್ನಿಗೆ. ಪೇಶ್ವೆಗಳ ಕಾಲದವು ಪುಣೆಯಲ್ಲಿ, ಮೋಡಿ ಲಿಪಿಯಲ್ಲಿವೆ. ಆದಿಲ್‌ಶಾಹಿಗೆ ಫಾರಸಿ ಬೇಕು. ಎರಡು ವರ್ಷದ ಎಂ.ಎ.ಯಲ್ಲಿ ಇಷ್ಟೆಲ್ಲ ಯಾರಿಗೂ ಸಾಧ್ಯವಿಲ್ಲ. ಒಂದು ಹೊಸ ಭಾಷೆ ಅಥವಾ ಒಂದು ಹೊಸ ಲಿಪಿ, ಒಂದು ವಸ್ತು, ಎರಡು ಊರು ಇಷ್ಟಕ್ಕೆ ಕಟ್ಟು ಹಾಕಿಕೊಂಡವರ ಕೆಲಸ ಮಾತ್ರ ದಡ ಮುಟ್ಟುತ್ತದೆ. ಧಾರವಾಡದಲ್ಲಿ 1939ರಿಂದ ಇರುವ ಕನ್ನಡ ಸಂಶೋಧನಾ ಸಂಸ್ಥೆ ಹತ್ತಿರದ ಆಸರೆ. ಬಾಗಲಕೋಟೆಯ ಕಾಲೇಜುಗಳು 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರುವ ಮುನ್ನ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗೇ ಇದ್ದವು. ಹಳೆಯ ಶಾಸನ ಸಂಪುಟಗಳು ಈಗ ಕಂಪ್ಯೂಟರಿನಲ್ಲಿಯೂ ಸಿಗುತ್ತವೆ. ಹತ್ತು-ಇಪ್ಪತ್ತು ವರ್ಷದ ಹಿಂದೆ ಈ ಅನುಕೂಲ ಇಷ್ಟಿರಲಿಲ್ಲ.

ಸರಕಾರದ ಕಾಗದ ಹೇಗೂ ಎಲ್ಲೋ ಒಂದು ಕಡೆ ಇರುತ್ತದೆ. ಇಳಕಲ್ಲಿನ ಬಣ್ಣಗಾರ 1914ರಲ್ಲಿ ಏನು ಮಾಡಿದನೆಂಬುದು ಸರಕಾರದ ಕಡತದಲ್ಲಿ ಸಿಗುವುದು ಕಷ್ಟ. ಅದು ಇದ್ದರೆ ಸಾವಕಾರರ ಮನೆಯ ಕಿರ್ದಿ-ಖಾತೆ ಪುಸ್ತಕದಲ್ಲಿ, ಅಟ್ಟದ ಮೇಲೆ, ಕೆಂಪು ಬಟ್ಟೆಯ ಗಂಟಿನಲ್ಲಿ ಇರಬೇಕು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಿ, ಕುಟುಂಬಗಳು ನವನಗರಕ್ಕೆ ಬಂದಾಗ ಎಷ್ಟೋ ಮನೆಗಳ ಅಟ್ಟಗಳು ಖಾಲಿಯಾದವು. ಇಳಕಲ್ಲಿನಲ್ಲಿ, ಗುಳೇದಗುಡ್ಡದಲ್ಲಿ, ಹುನಗುಂದದಲ್ಲಿ ಹಳೆಯ ಮನೆ ಕೆಡವಿ ಹೊಸದು ಕಟ್ಟುವಾಗಲೂ ಗಂಟುಗಳು ಕೆಳಗಿಳಿಯುತ್ತಿವೆ. ಮೊದಲು ಅವನ್ನು ತೂಕಕ್ಕೆ ಹಾಕಿಕೊಳ್ಳುವವನು ರದ್ದಿ ಅಂಗಡಿಯವನು.